ಪಾನಾ ಪೆಟ್ಟಿಗೆ ಮನೆಗೊಂದೇ ಸಾಕೆ?

ಮಳೆಗಾಲ ಸಮೀಪಿಸಿತೆಂದರೆ ಸಂಘದ ಕಚೇರಿಗೆ ಬರುವ ಸದಸ್ಯ ಬಂಧುಗಳ ಬಾಯಲ್ಲಿ ಮೈಲುತುತ್ತದ ಧಾರಣೆ, ಸುಣ್ಣದ ಗುಣ, ಮದ್ದು ಬಿಡುವವರ ಅಭಾವ ಇವೇ ಮಾತು. ಇವೆಲ್ಲ ಆಡಬೇಕಾದ ಮಾತುಗಳೇ ಸರಿ. ಆದರೆ ತೋಟದ ನಡುವೆ ಪಂಪು ನಿಂತಾಗ ಅದರ ಬೋಲ್ಟಿಗೆ ಕೂರುವ ಸ್ಪಾನರು ಮನೆಯ ಯಾವ ಮೂಲೆಯಲ್ಲಿದೆ ಎಂಬ ವಿಚಾರವನ್ನು ಯಾರೂ ಎತ್ತುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಯ ಪುಟಗಳೇಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಮದ್ದು, ಆಳು, ಯಂತ್ರ ಮೂರೂ ಸಿದ್ಧವಿದ್ದು ಸ್ಪಾನರು ಸಿಗದೆ ಹೋದ ದಿನದ ನಷ್ಟ, ಮದ್ದೇ ಇಲ್ಲದ ದಿನದ ನಷ್ಟಕ್ಕಿಂತ ಕಡಿಮೆಯದಲ್ಲ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದೆಂಬುದು ನಮ್ಮವರಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗದ ಮೇಲೆ ತಮ್ಮ ವರದಿಯನ್ನು ಪ್ರಕಟಿಸಿದ್ದು 1910ರಲ್ಲಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮುಂಗಾರು ಹಿಡಿಯುವ ಮುನ್ನ ಒಂದು ಸಲ, ಅನಂತರ ನಲವತ್ತು ನಲವತ್ತೈದು ದಿವಸಕ್ಕೆ ಇನ್ನೊಂದು ಸಲ. ತೊಡಕು ಇರುವುದು ಎರಡನೆಯದರಲ್ಲಿ. ಅದು ಬೀಳುವುದು ಮಳೆಯ ನಟ್ಟ ನಡುವೆ. ಬಿಸಿಲು ಇಣುಕಿ, ಗೊನೆ ಆರಿ, ಮತ್ತೆ ಮೋಡ ಕವಿಯುವುದರೊಳಗೆ ಸಿಗುವ ನಾಲ್ಕಾರು ಗಂಟೆಯಲ್ಲಿ ಕೆಲಸ ಮುಗಿಯಬೇಕು. ಕಲಸಿದ ದ್ರಾವಣವನ್ನು ಅಂದೇ ಬಳಸಬೇಕು, ನಾಳೆಗೆ ಇಡುವಂತಿಲ್ಲ. ಆ ಹೊತ್ತಿನಲ್ಲಿ ಪಂಪಿನ ಪೈಪು ಜಾರಿ, ಕ್ಲಿಪ್ಪು ಬಿಗಿ ಮಾಡಲು ಸರಿಯಾದ ಉಪಕರಣವಿಲ್ಲದೆ ಮನೆಮಂದಿಯೆಲ್ಲ ಕೊಟ್ಟಿಗೆಯ ಅಟ್ಟ, ಜೀಪಿನ ಸೀಟಿನ ಅಡಿ, ಬಚ್ಚಲಿನ ಹಿಂದಿನ ಗೂಡು ಎಂದು ತಡಕುವ ದೃಶ್ಯವನ್ನು ನಮ್ಮ ಸದಸ್ಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮರದ ಮೇಲಿರುವವನು ಮೇಲೆಯೇ ಕಾಯುತ್ತಾನೆ. ಡ್ರಮ್ಮಿನಲ್ಲಿ ಸುಣ್ಣ ಕೆಳಗೆ ಕೂರುತ್ತದೆ. ಘಟ್ಟದ ಕಡೆಯಿಂದ ಮಳೆಯ ಸದ್ದು ಬರುತ್ತದೆ.

ಇದಕ್ಕೊಂದು ಪರಿಹಾರವನ್ನು ನಾವು ಕಂಡದ್ದು ಅಡಿಕೆಯೂ ಇಲ್ಲದ, ಕಾಫಿಯೂ ಇಲ್ಲದ ಊರಿನಲ್ಲಿ. ಗದಗ ಜಿಲ್ಲೆಯ ಕಣಗಿನಹಾಳವನ್ನು ನೋಡಿ ಬರಬೇಕೆಂಬುದು ಸಹಕಾರಿಗಳಾದ ನಮಗೆ ಬಹುದಿನದ ಆಸೆಯಾಗಿತ್ತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಊರದು. ಅಲ್ಲಿಗೆ ಹೋದ ನಾವು ಕೆಲವರು ರೋಣ, ಗಜೇಂದ್ರಗಡ ಸೀಮೆಯ ಸೂಡಿಗೂ ಹೋದೆವು. ಸೂಡಿಯ ಹೆಸರು ಕೇಳದವರು ನಮ್ಮಲ್ಲಿ ಬಹಳ ಮಂದಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಊರಾಗಿ ಮೆರೆದದ್ದು. ಹನ್ನೊಂದನೆಯ ಶತಮಾನದಲ್ಲಿ ರಾಜಕುಮಾರಿ ಅಕ್ಕಾದೇವಿ ಈ ನಾಡನ್ನು ಆಳಿದ ಸಂಗತಿ ಅಲ್ಲಿಯ ಶಾಸನಗಳಲ್ಲಿದೆ. ಎದುರು ಬದುರಾದ ಎರಡು ಶಿಖರಗಳ ಜೋಡುಕಳಸದ ಗುಡಿ, ಮೆಟ್ಟಿಲು ಮೆಟ್ಟಿಲಾಗಿ ಕಡೆದು ಕಟ್ಟಿದ ನಾಗಕುಂಡ, ಇವನ್ನು ನೋಡಿ ಮುಗಿಸುವಾಗ ಬಿಸಿಲು ನೆತ್ತಿಗೆ ಬಂದಿತ್ತು. ನೀರು ಕೇಳಿಕೊಂಡು ಹೋದ ಮನೆಯವರು ನೀರಿನ ಜೊತೆಗೆ ಬೆಲ್ಲ ಕೊಟ್ಟರು; ಆಮೇಲೆ ಊಟಕ್ಕೇ ಕೂರಿಸಿದರು.

ಆ ಮನೆಯ ಮಗ್ಗುಲಿಗೆ ತಗಡಿನ ಒಂದು ಶೆಡ್ಡು. ಟ್ರ್ಯಾಕ್ಟರು, ಅದಕ್ಕೆ ಕಟ್ಟುವ ಕೂರಿಗೆ, ಕುಂಟೆ, ಮೆಣಸಿನ ಗಿಡಕ್ಕೆ ಔಷಧ ಹೊಡೆಯುವ ಪಂಪು ಎಲ್ಲವೂ ಅಲ್ಲಿ. ನಮ್ಮ ಕಣ್ಣು ಹೋದದ್ದು ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟಿದ್ದ ನಾಲ್ಕು ಡಬ್ಬಿಗಳ ಕಡೆಗೆ. ಹದಿನೈದು ಕಿಲೋ ಎಣ್ಣೆಯ ಡಬ್ಬಿಯನ್ನು ಅಡ್ಡ ಮಲಗಿಸಿ, ಮೇಲ್ಭಾಗ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ, ನಡುವೆ ಕಟ್ಟಿಗೆಯ ಹಿಡಿ ಹಾಕಿದ್ದರು. ಒಂದಕ್ಕೆ ಕೆಂಪು ಬಣ್ಣ, ಒಂದಕ್ಕೆ ನೀಲಿ, ಒಂದಕ್ಕೆ ಬಿಳಿ ಸುಣ್ಣ, ಇನ್ನೊಂದಕ್ಕೆ ಏನೂ ಇಲ್ಲ. ಕೆಂಪಿನದು ಟ್ರ್ಯಾಕ್ಟರಿಗೆ, ನೀಲಿಯದು ಪಂಪಿಗೆ, ಬಿಳಿಯದು ಕೂರಿಗೆಗೆ. ಬಣ್ಣವಿಲ್ಲದ್ದು ಮನೆಯ ಬಾಗಿಲು, ಕಿಟಕಿ, ಸೈಕಲ್ಲು ಇತ್ಯಾದಿಗೆ. ನಾವು ಸ್ಪಾನರ್ ಎನ್ನುವುದನ್ನು ಅವರು ಪಾನಾ ಎನ್ನುತ್ತಾರೆ. ಹದಿಮೂರರ ಪಾನಾ ಮೂರು ಡಬ್ಬಿಗಳಲ್ಲೂ ಇತ್ತು.

‘ಒಂದೇ ಪಾನಾ ಮೂರು ಕಡೆ ಯಾಕೆ ಯಜಮಾನರೇ, ಒಂದು ದೊಡ್ಡ ಪೆಟ್ಟಿಗೆ ತಂದು ಎಲ್ಲ ಅದರಲ್ಲೇ ಇಡಬಾರದೇ?’ ಎಂದು ನಮ್ಮಲ್ಲೊಬ್ಬರು ಕೇಳಿದರು.

‘ಇತ್ತರೀ ಅಣ್ಣಾರ, ದೊಡ್ಡ ಪೆಟಗಿ ಇತ್ತು. ಅದನ್ನ ಎತ್ತಾಕ ಇಬ್ರು ಬೇಕಾಗ್ತಿದ್ರು. ಅದಕ್ಕ ಯಾರೂ ಹೊಲಕ್ಕ ಒಯ್ತಿರಲಿಲ್ಲ. ಒಂದೊಂದ ಪಾನಾ ಕಿಸೇದಾಗ ಹಾಕ್ಕೊಂಡು ಹೋಗೂದು, ಹೊಲದಾಗ ಬಿಟ್ಟು ಬರೂದು. ಎರಿ ಹೊಲದಾಗ ಬಿದ್ದದ್ದು ಸಿಗತೈತೇನ್ರಿ?’ ಎಂದರು ಅವರು. ಆಮೇಲೆ ತಾವಾಗಿ ಸೇರಿಸಿದರು: ‘ಬಿತ್ತಿಗಿ ಹದಾ ಬಂದ್ರ ಎರಡು ದಿನಾ, ಮೂರು ದಿನಾ. ಅವತ್ತ ಪಾನಾ ಹುಡಕ್ಕೋತ ಕುಂತ್ರ ಹದಾ ನಮ್ಮ ಸಲುವಾಗಿ ನಿಂದರತೈತೇನು?’

ಹದ ಎಂಬ ಮಾತು ನಮ್ಮನ್ನು ತಟ್ಟಿತು. ಎರೆಮಣ್ಣು ಅತಿ ಹಸಿಯಾಗಿದ್ದರೆ ಕೂರಿಗೆಯ ತಾಳಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬೀಜ ಮೊಳೆಯುವುದಿಲ್ಲ. ನಡುವಿನ ಆ ಎರಡು ಮೂರು ದಿನಗಳಿಗೆ ಅವರ ವರ್ಷದ ಕಡಲೆ, ಜೋಳ ನಿಂತಿವೆ. ನಮ್ಮಲ್ಲಿ ಒಂದು ಜುಲೈ ತಿಂಗಳಲ್ಲಿ ಸುರಿಯುವಷ್ಟು ಮಳೆ ಅಲ್ಲಿ ವರ್ಷವೆಲ್ಲ ಕೂಡಿಸಿದರೂ ಬೀಳುವುದಿಲ್ಲ. ಅವರು ಮಳೆ ಬಂದ ಮೇಲಿನ ಹದಕ್ಕೆ ಕಾಯುತ್ತಾರೆ, ನಾವು ಮಳೆ ನಿಂತ ಮೇಲಿನ ಬಿಡುವಿಗೆ ಕಾಯುತ್ತೇವೆ. ಕಾಯುವ ಕಾಲ ಮುಗಿದು ಕೈ ಆಡಿಸುವ ಹೊತ್ತು ಬಂದಾಗ ಇಬ್ಬರಿಗೂ ಬೇಕಾದದ್ದು ಹದಿಮೂರರ ಪಾನಾ.

ಇನ್ನೊಂದು ಸಂಗತಿಯನ್ನೂ ಅಲ್ಲಿ ಕೇಳಿದೆವು. ಹಿಂದೆ ಊರಿನ ಬಡಿಗೇರರು, ಕಮ್ಮಾರರು ತಮ್ಮ ಉಳಿ, ಬಾಚಿ, ಇಕ್ಕಳಗಳೊಡನೆ ಬಂದು ಕೂರಿಗೆ ಕುಂಟೆಗಳನ್ನು ಸರಿಮಾಡಿ ಸುಗ್ಗಿಯಲ್ಲಿ ಕಾಳು ಒಯ್ಯುತ್ತಿದ್ದರಂತೆ. ರೈತನ ಮನೆಯಲ್ಲಿ ಉಪಕರಣಗಳೇ ಇರಬೇಕಾಗಿರಲಿಲ್ಲ. ಕಟ್ಟಿಗೆಯ ಕೂರಿಗೆ ಹೋಗಿ ಕಬ್ಬಿಣದ್ದು ಬಂದಿತು, ಆಯದ ಪದ್ಧತಿಯೂ ಕರಗಿತು. ಈಗ ಪ್ರತಿ ಮನೆಯೂ ತನಗೆ ತಾನೇ ಒಂದು ಪುಟ್ಟ ವರ್ಕ್‌ಶಾಪು. ನಮ್ಮ ಕಡೆಯೂ ಹಾಗೆಯೇ ಅಲ್ಲವೇ? ಗಟಾರ್ ಪಂಪಿನ ಕಾಲದಲ್ಲಿ ಒಂದು ಚರ್ಮದ ವಾಷರು ಕತ್ತರಿಸಿ ಹಾಕಿದರೆ ಮುಗಿಯುತ್ತಿತ್ತು. ಇಂದು ಸಾಧಾರಣ ಬೆಳೆಗಾರನ ಶೆಡ್ಡಿನಲ್ಲಿಯೂ ಎಂಜಿನ್ ಪಂಪು, ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಕಾಫಿಯವರಲ್ಲಿ ಪಲ್ಪರು, ಇತ್ತೀಚೆಗೆ ಕಾರ್ಬನ್ ಫೈಬರ್ ದೋಟಿ. ಯಂತ್ರ ಕೊಳ್ಳುವಾಗ ಸಹಾಯಧನ ಎಷ್ಟೆಂದು ಕೇಳುವ ನಾವು, ಅದರ ಬೋಲ್ಟು ಯಾವ ಅಳತೆಯದೆಂದು ಕೇಳುವುದಿಲ್ಲ.

ಅಳತೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಪೆಟ್ಟಿಗೆಯಲ್ಲಿ ಏನಿರಬೇಕೆಂಬುದು ಇದರ ಮೇಲೆ ನಿಂತಿದೆ. ಆರು, ಎಂಟು, ಹತ್ತು, ಹನ್ನೆರಡು ಮಿಲಿಮೀಟರ್ ದಪ್ಪದ ಬೋಲ್ಟುಗಳಿಗೆ ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದಿರುವ ಸ್ಪಾನರುಗಳು ಕ್ರಮವಾಗಿ 10, 13, 17, 19. ಆದರೆ ಜಪಾನ್ ಮಾದರಿಯ ಎಂಜಿನ್ನುಗಳಲ್ಲಿ ಅದೇ ಎಂಟರ ಬೋಲ್ಟಿಗೆ 12, ಹತ್ತರ ಬೋಲ್ಟಿಗೆ 14. ಹೊಸ ಯುರೋಪಿನ ಯಂತ್ರಗಳಲ್ಲಿ 16, 18 ಕೂಡ ಬರುತ್ತವೆ. ಹಳೆಯ ಕೆಲವು ಟ್ರ್ಯಾಕ್ಟರು, ಪಂಪುಗಳಲ್ಲಿ ಇಂಚಿನ ಅಳತೆ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, ಅದಕ್ಕೆ 13ರ ಸ್ಪಾನರು ಕೂರುತ್ತದೆ, ಆದರೆ ಸಡಿಲ. ಎರಡು ಸಲ ಬಲವಾಗಿ ತಿರುಗಿಸಿದರೆ ಬೋಲ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಮೂರನೆಯ ಸಲ ಉಳಿ ಸುತ್ತಿಗೆಯೇ ಗತಿ. ಮುಕ್ಕಾಲು ಇಂಚಿಗೆ ಮಾತ್ರ 19 ಚೆನ್ನಾಗಿ ಹೊಂದುತ್ತದೆ, ವ್ಯತ್ಯಾಸ ಕೂದಲೆಳೆಯಷ್ಟು. ಮರ ಕೊಯ್ಯುವ, ಕಳೆ ಕೊಚ್ಚುವ ಕೆಲವು ವಿದೇಶಿ ಯಂತ್ರಗಳಲ್ಲಿ ನಕ್ಷತ್ರದಾಕಾರದ ತೂತಿನ ಸ್ಕ್ರೂ ಇರುತ್ತದೆ, ಟಿ-27 ಎಂಬ ಅಳತೆಯದು. ಅದಕ್ಕೆ ಅದರದೇ ತಿರುಪುಳಿ ಬೇಕು; ಚಪ್ಪಟೆ ತಿರುಪುಳಿ ತುರುಕುವವರು ಸ್ಕ್ರೂವನ್ನೂ ಕೆಡಿಸುತ್ತಾರೆ, ಅಂಗೈಯನ್ನೂ ಕುಯ್ದುಕೊಳ್ಳುತ್ತಾರೆ.

ಹೀಗಿರುವಾಗ ಅಂಗಡಿಯಲ್ಲಿ ನೂರೆಂಟು ತುಂಡುಗಳ ಸೆಟ್ಟು ಎಂದು ಮಿರುಗುವ ಪೆಟ್ಟಿಗೆಯನ್ನು ಕೊಂಡು ತರುವುದರಲ್ಲಿ ನಮಗೆ ನಂಬಿಕೆಯಿಲ್ಲ. ಅದರಲ್ಲಿ ಅರವತ್ತು ತುಂಡುಗಳು ನಿಮ್ಮ ಜನ್ಮದಲ್ಲಿ ಬಳಕೆಗೆ ಬರುವುದಿಲ್ಲ, ಬೇಕಾದ 21ರ ಪ್ಲಗ್ ಸ್ಪಾನರು ಅದರಲ್ಲಿ ಇರುವುದಿಲ್ಲ. ಮಗಳ ಮದುವೆಗೆ ಬಂದ ಸ್ಟೀಲ್ ಪಾತ್ರೆಗಳಂತೆ ಅದು ಅಟ್ಟದ ಮೇಲೆ ಚೆನ್ನಾಗಿರುತ್ತದೆ. ಬದಲಿಗೆ ಯಂತ್ರದ ಮುಂದೆ ಕುಳಿತು ಅದರ ಬೋಲ್ಟುಗಳನ್ನು ಒಂದೊಂದಾಗಿ ಅಳೆದು, ಅವಕ್ಕೆ ಬೇಕಾದಷ್ಟನ್ನೇ ಬಿಡಿಯಾಗಿ ಕೊಳ್ಳಬೇಕು. ಒಂದು ಯಂತ್ರಕ್ಕೆ ಎಂಟು ಹತ್ತು ಉಪಕರಣಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ಒಂದು ಕಡೆ ಬಾಯಿ ತೆರೆದ, ಇನ್ನೊಂದು ಕಡೆ ಬಳೆಯಂತಿರುವ ಸ್ಪಾನರುಗಳು ಉತ್ತಮ. ಬಳೆಯ ಕಡೆ ಬೋಲ್ಟಿನ ಎಲ್ಲ ಮೂಲೆಗಳನ್ನು ಹಿಡಿಯುತ್ತದೆ. ಬಿಗಿ ಬಿಡಿಸಲು ಅದು, ಬೇಗ ತಿರುಗಿಸಲು ಬಾಯಿಯ ಕಡೆ. ಎಲ್ಲದಕ್ಕೂ ಒಂದೇ ಎಂದು ಹೊಂದಿಸುವ ಸ್ಪಾನರನ್ನು ಹಿಡಿದು ಓಡಾಡುವವರ ಮನೆಯ ಬೋಲ್ಟುಗಳನ್ನು ನೋಡಿದರೆ ಉಳಿದದ್ದು ತಾನೇ ತಿಳಿಯುತ್ತದೆ.

ಖರ್ಚು ಮೂರು ಪಟ್ಟಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಹದಿಮೂರರ ಒಳ್ಳೆಯ ಸ್ಪಾನರನ್ನು ನಾಲ್ಕು ಪೆಟ್ಟಿಗೆಗೆ ನಾಲ್ಕು ಕೊಂಡರೂ, ಮರವೇರಿ ಮದ್ದು ಬಿಡುವವರ ಅರ್ಧ ದಿನದ ಸಂಬಳವನ್ನು ಮೀರುವುದಿಲ್ಲ. ಅಂಥವರು ಸಿಗುವುದೇ ದುರ್ಲಭವಾಗಿರುವಾಗ ಅರ್ಧ ದಿನವನ್ನು ಹುಡುಕಾಟಕ್ಕೆ ಕೊಡುವವರು ಲೆಕ್ಕ ಬಲ್ಲವರೆಂದು ನಾವು ಒಪ್ಪುವುದಿಲ್ಲ. ಸುತ್ತಿಗೆ, ಗರಗಸ, ಪೈಪ್ ರೆಂಚು, ಬೆಂಚಿಗೆ ಬಿಗಿಯುವ ವೈಸು ಇಂಥವು ಒಂದೊಂದೇ ಇದ್ದರೆ ಸಾಕು. ಅವು ಶೆಡ್ಡಿನ ಗೋಡೆಯ ಮೇಲೆ, ಕಣ್ಣಿಗೆ ಕಾಣುವಂತೆ ಇರಲಿ.

ಗೋಡೆ ಎಂದಾಗ ಒಂದು ಮಾತು. ಮುರಕಲ್ಲಿನ ಪಡುವಣ ಗೋಡೆಗೆ ಮಳೆಗಾಲದಲ್ಲಿ ನೀರು ಒಸರುತ್ತದೆ. ಅದಕ್ಕೆ ನೇರವಾಗಿ ಹಲಗೆ ಹೊಡೆದು ಉಪಕರಣ ತೂಗು ಹಾಕಿದರೆ ಆಟಿ ಕಳೆಯುವುದರೊಳಗೆ ಎಲ್ಲಕ್ಕೂ ಕೆಂಪು ತುಕ್ಕು. ಮೂಡಣ ಗೋಡೆಯನ್ನು ಆರಿಸಿ, ರೀಪುಗಳ ಮೇಲೆ ಹಲಗೆ ಕೂರಿಸಿ, ಹಿಂದೆ ಗಾಳಿಯಾಡಲು ಎರಡು ಬೆರಳು ಜಾಗ ಬಿಡಬೇಕು.

ಇಲ್ಲಿಯೇ ನಾವು ಸೂಡಿಯವರ ಪದ್ಧತಿಯಿಂದ ಬೇರೆಯಾಗಬೇಕಾಗುತ್ತದೆ. ಅವರ ಶತ್ರು ಧೂಳು, ನಮ್ಮದು ತೇವ. ತೆರೆದ ಎಣ್ಣೆ ಡಬ್ಬಿ ಅಲ್ಲಿ ಬಹಳ ಕಾಲ ಬರಬಹುದು. ನಮ್ಮಲ್ಲಿ ಒಂದು ಮಳೆಗಾಲಕ್ಕೆ ತಳ ಉದುರಿ ಹೋಗುತ್ತದೆ. ಹಾಗೆಂದು ಪೂರಾ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೇ ಪರಮೋಚ್ಚವೆಂದೂ ಅಲ್ಲ. ಒದ್ದೆ ಸ್ಪಾನರನ್ನು ಹಾಗೆಯೇ ಒಳಗೆ ಹಾಕಿ ಮುಚ್ಚಿದರೆ ತೇವ ಹೊರಗೆ ಹೋಗಲಾರದೆ ಒಳಗೇ ತುಕ್ಕು ಬೆಳೆಸುತ್ತದೆ. ಸ್ಪಂಜಿನ ಹಾಸು ಇದ್ದರೆ ಇನ್ನೂ ಕೆಟ್ಟದ್ದು, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ತೆಗೆದು ಬಿಸಾಡಿ. ಮೆಟ್ಟಿಲಿನಂತೆ ಎರಡೂ ಬದಿಗೆ ತೆರೆದುಕೊಳ್ಳುವ ತಗಡಿನ ಪೆಟ್ಟಿಗೆ ಮನೆಯಂಗಳಕ್ಕೆ ಅನುಕೂಲ, ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತದೆ. ಆದರೆ ತುಂಬಿದ ಮೇಲೆ ಅದನ್ನು ಕಾಲುಸಂಕ ದಾಟಿ ತೋಟಕ್ಕೆ ಒಯ್ಯಲು ಸಾಧ್ಯವಿಲ್ಲ. ಚಕ್ರದ ಟ್ರಾಲಿ ಪೇಟೆಯ ಸಿಮೆಂಟು ನೆಲದವರಿಗೆ. ತೋಟಕ್ಕೆ ಒಯ್ಯುವುದು ಒಂದು ಕೈಯಲ್ಲಿ ಎತ್ತುವಂತಿರಬೇಕು, ಐದಾರು ಕಿಲೋ ಮೀರಬಾರದು. ಹಿಡಿ ಗಟ್ಟಿಯಾಗಿರುವ, ಕೊಂಡಿ ಲೋಹದ್ದಾಗಿರುವ ಪ್ಲಾಸ್ಟಿಕ್ ಪೆಟ್ಟಿಗೆ ಇದಕ್ಕೆ ಆದೀತು. ಮನೆಯಲ್ಲೇ ಹಲಸಿನ ಹಲಗೆ ಇದ್ದವರು ಮುಚ್ಚಳವಿರುವ ಮರದ ಪೆಟ್ಟಿಗೆ ಮಾಡಿಸಿಕೊಂಡರೆ ಅದಕ್ಕಿಂತ ಮೇಲು.

ತುಕ್ಕಿಗೆ ತೆಂಗಿನೆಣ್ಣೆ ಸವರುವ ಅಭ್ಯಾಸ ಕೆಲವರಲ್ಲಿದೆ. ಅದು ಕಮಟು ಹಿಡಿದು ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹನಿಸಿದ ಬಟ್ಟೆಯಿಂದ ಒರೆಸಿ ಇಟ್ಟರೆ ಸಾಕು. ಆ ಬಟ್ಟೆಯೂ ಪೆಟ್ಟಿಗೆಯಲ್ಲೇ ಇರಲಿ. ಅದಕ್ಕಿಂತ ಮುಖ್ಯವಾದದ್ದು, ಮೈಲುತುತ್ತದ ಚೀಲ ಇರುವ ಕೋಣೆಯಲ್ಲಿ ಉಪಕರಣ ಇಡಕೂಡದು. ದ್ರಾವಣ ಹದವಾಗಿದೆಯೇ ಎಂದು ನೋಡಲು ನಾವು ಚೂರಿ ಅದ್ದಿ ನೋಡುತ್ತೇವಲ್ಲ, ತುತ್ತ ಹೆಚ್ಚಾಗಿದ್ದರೆ ಚೂರಿಯ ಮೇಲೆ ಕೆಂಪು ಕೂರುತ್ತದೆ. ಅದು ತಾಮ್ರ, ಅಷ್ಟು ತಾಮ್ರ ಕೂರಲು ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಮದ್ದಿನ ಕೈಯಲ್ಲಿ ಮುಟ್ಟಿದ ಸ್ಪಾನರಿಗೂ ನಡೆಯುವುದು ಇದೇ. ಪಂಪಿನ ಪೆಟ್ಟಿಗೆಯನ್ನು ಆ ದಿನ ಸಂಜೆಯೇ ಸಾದಾ ನೀರಿನಲ್ಲಿ ತೊಳೆದು, ಒಲೆಯ ಬಳಿ ಒಣಗಿಸಿ, ಎಣ್ಣೆ ಒರೆಸಿ ಮುಚ್ಚಬೇಕು, ಮರುದಿನಕ್ಕೆ ಬಿಡುವುದಲ್ಲ.

ಸೂಡಿಯಲ್ಲಿ ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಬಣ್ಣವೂ ಅಲ್ಲ, ಡಬ್ಬಿಯೂ ಅಲ್ಲ. ಪ್ರತಿ ಡಬ್ಬಿಯ ಹೊರಮೈಗೆ ದೊಡ್ಡದಾಗಿ ಒಂದು ಅಂಕಿ ಬರೆದಿದ್ದರು. ಕೆಂಪಿನ ಮೇಲೆ 11, ನೀಲಿಯ ಮೇಲೆ 9, ಬಿಳಿಯ ಮೇಲೆ 6. ಒಳಗಿರುವ ಸಾಮಾನುಗಳ ಲೆಕ್ಕ ಅದು. ಹೊಲ ಬಿಡುವ ಮುನ್ನ ಎಣಿಸುವುದು. ಒಂದು ಕಡಿಮೆಯಾದರೆ ಅಲ್ಲಿಯೇ ಹುಡುಕುವುದು. ಯಾವ ಸಾಮಾನು ಎಂದು ಓದಲು ಬಾರದವರೂ ಒಂಬತ್ತರವರೆಗೆ ಎಣಿಸಬಲ್ಲರು. ‘ನಮ್ಮವ್ವನೂ ಎಣಸ್ತಾಳ್ರಿ, ಆಕಿ ಎಣಸಿದ್ರ ತಪ್ಪಂಗಿಲ್ಲ’ ಎಂದು ಯಜಮಾನರು ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆ ತಾಯಿ, ‘ಎಣಸದ ಏನ್ ಮಾಡ್ಲಿ ಯಪ್ಪಾ, ಇವರು ಬರೇ ಹಿಡಿ ಹಿಡಕೊಂಡು ಬರ್ತಾರ’ ಎಂದರು.

ನಮ್ಮ ಮನೆಗಳಲ್ಲಿ ಉಪಕರಣದ ಪೆಟ್ಟಿಗೆ ಯಜಮಾನನ ಸೊತ್ತು. ಬೀಗದ ಕೈ ಅವನ ಉಡಿದಾರದಲ್ಲಿ. ಅವನು ಪೇಟೆಗೆ ಹೋದ ದಿನ ಪಲ್ಪರಿನ ಬೆಲ್ಟು ಕಡಿದರೆ ಅಂದು ಕೊಯ್ದ ಹಣ್ಣು ರಾತ್ರಿಯೆಲ್ಲ ರಾಶಿಯಲ್ಲೇ ಬಿಸಿಯೇರಿ ಹುಳಿಯುತ್ತದೆ. ಹಣ್ಣನ್ನು ಅಂದಂದೇ ಪಲ್ಪ್ ಮಾಡಬೇಕೆಂದು ಕಾಫಿ ಮಂಡಳಿಯವರು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಬೆಲ್ಟಿನ ನಂಬರು ಯಂತ್ರದ ಮೈಮೇಲೆ ಬಣ್ಣದಲ್ಲಿ ಬರೆದಿಟ್ಟವರು, ಪಲ್ಪರಿನ ಪೆಟ್ಟಿಗೆಯಲ್ಲಿ ಹೆಚ್ಚಿಗೆ ಒಂದು ಬೆಲ್ಟು ಇಟ್ಟವರು ಎಷ್ಟು ಮಂದಿ? ಮನೆಯ ಹೆಂಗಸರಿಗೂ, ನಂಬಿಕೆಯ ಆಳಿಗೂ ಪೆಟ್ಟಿಗೆ ತೆರೆಯಲು ಬರಬೇಕು, ಎಣಿಸಲು ಬರಬೇಕು. ಕಳವಿನ ಹೆದರಿಕೆಗೆ ಬೀಗಕ್ಕಿಂತ ಹೊರಮೈಯ ಅಂಕಿಯೇ ಹೆಚ್ಚು ಕಾವಲು ಎಂಬುದು ನಮ್ಮ ಅಭಿಪ್ರಾಯ.

ಒಂದು ಪೆಟ್ಟಿಗೆ ಮಾತ್ರ ಇದಕ್ಕೆ ಹೊರತು: ವಿದ್ಯುತ್ತಿನದು. ಅದು ಬೇರೆಯಾಗಿಯೇ ಇರಬೇಕು, ಬೇರೆಯವರ ಕೈಗೆ ಹೋಗಬಾರದು. ಮಳೆಗಾಲದ ಕತ್ತಲಲ್ಲಿ ಬಾವಿಕಟ್ಟೆಯ ಪಂಪ್ ಶೆಡ್ಡಿಗೆ ಬರಿಗಾಲಲ್ಲಿ ಹೋಗಿ, ಕೈಗೆ ಸಿಕ್ಕಿದ ಚೂರಿಯಿಂದ ಸ್ಟಾರ್ಟರು ಬಿಚ್ಚುವುದು ಜೀವದ ಜೊತೆ ಆಡುವ ಆಟ. ಹಿಡಿಗೆ ಟೇಪು ಸುತ್ತಿದ ಮಾತ್ರಕ್ಕೆ ಇಕ್ಕಳ ಸುರಕ್ಷಿತವಾಗುವುದಿಲ್ಲ. 1000 ವೋಲ್ಟ್ ಎಂದು ಹಿಡಿಯ ಮೇಲೆಯೇ ಗುರುತಿರುವುದನ್ನು ಕೊಳ್ಳಬೇಕು. ಟೆಸ್ಟರಿನ ದೀಪ ಹೊತ್ತಲಿಲ್ಲವೆಂದು ತಂತಿಯಲ್ಲಿ ಕರೆಂಟಿಲ್ಲವೆಂದು ನಂಬುವಂತಿಲ್ಲ. ಮೊದಲು ಮೇನ್ ಸ್ವಿಚ್ಚು ತೆಗೆಯಬೇಕು, ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಳ್ಳಬೇಕು, ಅನಂತರ ಪೆಟ್ಟಿಗೆ ತೆರೆಯಬೇಕು. ಈ ಪೆಟ್ಟಿಗೆಯಲ್ಲಿ ಒಂದು ಟಾರ್ಚೂ ರಬ್ಬರ್ ಚಪ್ಪಲಿಯೂ ಇರಲಿ. ಇದು ತಿಳಿದವರು ಮಾತ್ರ ಮಾಡುವ ಕೆಲಸ. ಉಳಿದವರು ಮೆಕ್ಯಾನಿಕ್ಕಿಗೆ ಕಾಯುವುದೇ ಲೇಸು, ಒಂದು ದಿನ ತೋಟ ಒಣಗಿದರೂ ಚಿಂತೆಯಿಲ್ಲ.

ನಮ್ಮ ಸಂಘದ ಮಾರಾಟ ವಿಭಾಗದಲ್ಲಿ ಪೈಪು, ನಾಜಲ್, ಗೊಬ್ಬರ, ತುತ್ತ ಎಲ್ಲ ಇವೆ, ಬಿಡಿ ಸ್ಪಾನರುಗಳಿಲ್ಲ. ಸೆಟ್ಟಿನಲ್ಲಿ ಬೇಡ, 10, 12, 13, 14, 17, 19 ಇವಿಷ್ಟು, 21ರ ಪ್ಲಗ್ ಸ್ಪಾನರು, ಟಿ-27ರ ತಿರುಪುಳಿ, ಮತ್ತು ಒಂದು ಕೈಯಲ್ಲಿ ಹಿಡಿಯುವ ಖಾಲಿ ಪೆಟ್ಟಿಗೆ. ಏಪ್ರಿಲ್ ತಿಂಗಳೊಳಗೆ ಇವು ಕಪಾಟಿಗೆ ಬರಬೇಕೆಂದು ಆಡಳಿತ ಮಂಡಳಿಯನ್ನು ಒತ್ತಾಯಿಸುತ್ತೇವೆ. ಯಂತ್ರ ಮಾರುವವರಿಂದ ಪ್ರತಿ ಯಂತ್ರಕ್ಕೂ ಬೇಕಾಗುವ ಸ್ಪಾನರಿನ ಅಳತೆಗಳನ್ನು ಕನ್ನಡದಲ್ಲಿ ಬರೆಸಿ ಪಡೆಯುವ ಕೆಲಸವನ್ನೂ ಸಂಘವೇ ಮಾಡಬಹುದು, ಒಬ್ಬೊಬ್ಬ ಸದಸ್ಯ ಕೇಳಿದರೆ ಅವರು ಕಿವಿಗೊಡುವುದಿಲ್ಲ. ಅಲ್ಲಿಯವರೆಗೆ ಸದಸ್ಯರು ಅಳತೆ ತಿಳಿಯಲು ಯಂತ್ರವನ್ನು ಹೊತ್ತು ತರಬೇಕಾಗಿಲ್ಲ. ಒಂದು ಬೋಲ್ಟನ್ನು ಬಿಚ್ಚಿ, ಯಾವ ಯಂತ್ರದ್ದೆಂದು ಚೀಟಿ ಕಟ್ಟಿ, ಕಿಸೆಯಲ್ಲಿ ಹಾಕಿಕೊಂಡು ಬಂದರೆ ಸಾಕು. ಬೋಲ್ಟು ತೆಗೆದ ಜಾಗಕ್ಕೆ ಒಂದು ಬಟ್ಟೆಯ ತುಂಡು ತುರುಕಿ ಬನ್ನಿ, ಕಣಜದ ಹುಳ ಗೂಡು ಕಟ್ಟೀತು.